ದಾಯವೂ ವೃತ್ತಿಯೂ: ಶೃಂಗೇರಿಯ ಸೀಮೆಯಲ್ಲಿ ಕೂಡುಸ್ವಾಮ್ಯದ ಚರಿತ್ರೆ

ಒಂದು ವಸ್ತುವಿಗೆ ಒಬ್ಬನೇ ಸ್ವಾಮಿಯಾಗಿದ್ದರೆ ವಿವಾದಕ್ಕೆ ಆಸ್ಪದವು ಅಲ್ಪ. ಅವನು ಅದನ್ನು ಅನುಭವಿಸಬಹುದು, ಮಾರಬಹುದು, ದಾನಮಾಡಬಹುದು. ಆದರೆ ಒಂದೇ ಗದ್ದೆಗೆ ನಾಲ್ವರು ಸೋದರರೂ, ಒಂದೇ ತೋಟಕ್ಕೆ ಎರಡು ತಲೆಯ ದಾಯಾದರೂ, ಒಂದೇ ಗ್ರಾಮಕ್ಕೆ ಹತ್ತಾರು ಮಂದಿ ಪ್ರತಿಗ್ರಹೀತರೂ ಒಡೆಯರಾಗಿದ್ದರೆ, ಅವರಲ್ಲಿ ಯಾರಿಗೆ ಎಷ್ಟು ಹಕ್ಕು, ಒಬ್ಬನು ಮಾಡಿದ ಕಾರ್ಯವು ಮಿಕ್ಕವರನ್ನು ಎಷ್ಟರಮಟ್ಟಿಗೆ ಕಟ್ಟುವುದು, ಬೇರೆಯಾಗಬೇಕೆಂಬವನಿಗೆ ದಾರಿ ಯಾವುದು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಹುಟ್ಟುವುವು. ಈ ಪ್ರಶ್ನೆಗಳಿಗೆ ಕನ್ನಡ ನಾಡು ಕೊಟ್ಟ ಉತ್ತರವು ಒಂಬೈನೂರು ವರ್ಷಗಳಷ್ಟು ಹಳೆಯದು. ಆ ಉತ್ತರದ ಜೀವವು ಅನುಮತಿಯೆಂಬ ಒಂದೇ ಮಾತಿನಲ್ಲಿದೆ. ಯಾರ ಅನುಮತಿ ಬೇಕು ಎಂಬ ಎಣಿಕೆಯು ಮಾತ್ರ ಕಾಲದಿಂದ ಕಾಲಕ್ಕೆ ಬದಲಾಗಿದೆ. ಶೃಂಗೇರಿಯ ಸೀಮೆಯನ್ನು ಎದುರಿಗಿಟ್ಟುಕೊಂಡು ಈ ಸಂಗತಿಯನ್ನು ವಿಚಾರಮಾಡಬಹುದು.

ಕ್ರಿ. ಶ. ೧೩೪೬ರಲ್ಲಿ ವಿಜಯನಗರದ ಸಂಗಮವಂಶದ ಒಂದನೆಯ ಹರಿಹರನು ತನ್ನ ತಮ್ಮಂದಿರಾದ ಕಂಪಣ್ಣ, ಬುಕ್ಕಣ್ಣ, ಮಾರಪ್ಪ, ಮುದ್ದಪ್ಪ ಎಂಬವರೊಡನೆ ಕೂಡಿ ಶೃಂಗೇರಿಯಲ್ಲಿ ಭೂದಾನವೊಂದನ್ನು ಮಾಡಿದನು. ಅದು ಭಾರತೀತೀರ್ಥ ಶ್ರೀಪಾದರಿಗೂ, ಅವರ ಶಿಷ್ಯರಿಗೂ, ಅಲ್ಲಿ ನೆಲಸಿ ಕರ್ಮಾನುಷ್ಠಾನ ಮಾಡತಕ್ಕ ನಲವತ್ತು ಮಂದಿ ಬ್ರಾಹ್ಮಣರಿಗೂ ಕೊಟ್ಟ ದಾನವೆಂದು ಶಿಲಾಶಾಸನವು ಹೇಳುವುದು. ಚರಿತ್ರೆಯನ್ನು ಓದುವವರು ಇದನ್ನು ರಾಜ್ಯಸ್ಥಾಪನೆಯ ಕುರುಹೆಂದು ನೋಡುವರು, ಅದು ಯುಕ್ತವೇ. ವ್ಯವಹಾರದ ದೃಷ್ಟಿಯಿಂದ ನೋಡುವವರಿಗೆ ಇದರಲ್ಲಿ ಬೇರೆ ಎರಡು ಸಂಗತಿಗಳು ಕಾಣುವುವು. ಕೊಟ್ಟವನು ಒಬ್ಬನಲ್ಲ, ಐವರು ಸೋದರರು. ಪಡೆದವರೂ ಒಬ್ಬರಲ್ಲ, ಒಂದು ಸಮುದಾಯ. ಅವಿಭಕ್ತರಾದ ಸೋದರರ ಸ್ವತ್ತನ್ನು ಜ್ಯೇಷ್ಠನೊಬ್ಬನೇ ಕೊಟ್ಟರೆ ದಾನಕ್ಕೆ ಮುಂದೆ ತೊಡಕು ಬಂದೀತು. ಐವರ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದುದಕ್ಕೆ ಭಕ್ತಿಯೂ ಸೌಭ್ರಾತ್ರವೂ ಕಾರಣವಾಗಿರಬಹುದು. ಫಲವು ಮಾತ್ರ ದಾಯಾದರ ಅನುಮತಿಯನ್ನು ಅಳಿಯದಂತೆ ದಾಖಲುಮಾಡಿದಂತಾಯಿತು.

ಈ ಒಂದು ಶಾಸನದಲ್ಲಿಯೇ ಕೂಡುಸ್ವಾಮ್ಯದ ಎರಡು ರೂಪಗಳು ಎದುರುಬದುರಾಗಿ ನಿಂತಿವೆ. ಕೊಡುವವರ ಕಡೆ ದಾಯ; ಪಡೆಯುವವರ ಕಡೆ ವೃತ್ತಿ. ಮೊದಲನೆಯದರಲ್ಲಿ ಸ್ವಾಮ್ಯವು ಹುಟ್ಟಿನಿಂದ ಬರುವುದು, ಪಾಲು ಎಷ್ಟೆಂಬುದು ವಿಭಾಗದ ದಿನದವರೆಗೆ ನಿಶ್ಚಯವಾಗುವುದಿಲ್ಲ. ಎರಡನೆಯದರಲ್ಲಿ ಸ್ವಾಮ್ಯವು ದಾನದಿಂದ ಬರುವುದು, ಪಾಲು ಮೊದಲಿಂದಲೇ ಎಣಿಸಲ್ಪಟ್ಟಿರುವುದು. ಈ ಎರಡನ್ನೂ ಬೇರೆಬೇರೆಯಾಗಿ ತಿಳಿಯಬೇಕು.

ಮೊದಲು ವೃತ್ತಿಯ ಮಾತು. ೧೩೮೬ರಲ್ಲಿ ವಿದ್ಯಾರಣ್ಯರು ವಿದೇಹಮುಕ್ತರಾದ ತರುವಾಯ ಎರಡನೆಯ ಹರಿಹರನು ಅವರ ಹೆಸರಿನಿಂದ ವಿದ್ಯಾರಣ್ಯಪುರವೆಂಬ ಅಗ್ರಹಾರವನ್ನು ಶೃಂಗೇರಿಯಲ್ಲಿ ಕಲ್ಪಿಸಿದನು. ಆ ಹೆಸರು ತುಂಗೆಯ ದಡದಲ್ಲಿ ಈಗಲೂ ಉಳಿದಿದೆ. ಇಂತಹ ಅಗ್ರಹಾರಗಳನ್ನು ಕೊಡುವಾಗ ಗ್ರಾಮದ ಭೂಮಿಯನ್ನು ಇಷ್ಟು ವೃತ್ತಿಗಳೆಂದು ಎಣಿಸುವುದು ವಿಜಯನಗರದ ಕಾಲದ ಪದ್ಧತಿ. ತಾಮ್ರಶಾಸನಗಳಲ್ಲಿ ಪ್ರತಿಯೊಬ್ಬ ಪ್ರತಿಗ್ರಹೀತನ ಗೋತ್ರ, ಸೂತ್ರ, ತಂದೆಯ ಹೆಸರು, ಅವನಿಗೆ ಸಂದ ವೃತ್ತಿಯ ಸಂಖ್ಯೆ ಇವು ಸಾಲಾಗಿ ಬರುವುವು. ಒಬ್ಬನಿಗೆ ಒಂದು, ಮತ್ತೊಬ್ಬನಿಗೆ ಎರಡು, ಇನ್ನೊಬ್ಬನಿಗೆ ಅರ್ಧ ಎಂದು ವೃತ್ತಿಗಳಿರುವುದುಂಟು. ಇಂತಹ ಸ್ವತ್ತನ್ನು ಪಡೆದವರು ವೃತ್ತಿಮಂತರು. ಅವರೆಲ್ಲ ಸೇರಿ ನಡೆಸುವ ಕಾರ್ಯದಲ್ಲಿ ಅವರು ಮಹಾಜನಗಳು. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳೂ, ದಾನ, ಆಧಿ, ಕ್ರಯಗಳ ಅಧಿಕಾರವೂ ಶಾಸನದಿಂದಲೇ ಅವರಿಗೆ ಬಂದುವು.

ವೃತ್ತಿಯ ಲಕ್ಷಣವು ಇದು: ಪಾಲು ಗೊತ್ತಿದೆ, ಭೂಮಿಯು ಕೂಡಿದೆ. ವೃತ್ತಿಮಂತನು ಸತ್ತರೆ ಅವನ ಪಾಲು ಅವನ ಸಂತತಿಗೆ ಹೋಗುವುದೇ ಹೊರತು ಪಕ್ಕದ ವೃತ್ತಿಮಂತನಿಗೆ ಸೇರುವುದಿಲ್ಲ. ಈಗಿನ ನ್ಯಾಯಶಾಸ್ತ್ರದಲ್ಲಿ ನಿಶ್ಚಿತ ಪಾಲುಗಳುಳ್ಳ ಸಹಸ್ವಾಮ್ಯವೆಂದು ಹೇಳುವುದು ಇದನ್ನೇ. ನಾಲ್ವರು ಸ್ನೇಹಿತರು ಹಣ ಹಾಕಿ ಒಂದು ತೋಟವನ್ನು ಕೊಂಡರೆ ಅವರ ಸಂಬಂಧವು ಈ ಜಾತಿಗೆ ಸೇರಿದುದು.

ಇನ್ನು ದಾಯದ ಮಾತು. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಮಗನಿಗೆ ತಂದೆಯ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದು ಯಾವಾಗ ಎಂಬುದು ಅಲ್ಲಿಯ ಮೂಲಪ್ರಶ್ನೆ. ತಂದೆಯು ಸತ್ತಾಗ ಎಂಬುದು ಪೂರ್ವಪಕ್ಷ. ಜನ್ಮದಿಂದಲೇ ಎಂಬುದು ವಿಜ್ಞಾನೇಶ್ವರನ ಸಿದ್ಧಾಂತ. ಜನ್ಮದಿಂದ ಬಂದ ಈ ಸ್ವತ್ವವು ಸ್ವತ್ತಿನ ಒಂದು ಮೂಲೆಗೆ ಮಾತ್ರ ಸೇರಿದುದಲ್ಲ. ಸಮಸ್ತ ಸ್ವತ್ತಿನಲ್ಲಿಯೂ ಎಲ್ಲರ ಸ್ವತ್ವವೂ ಹರಡಿಕೊಂಡಿರುವುದು. ಹೀಗೆ ಹರಡಿದ ಅನೇಕ ಸ್ವಾಮ್ಯಗಳನ್ನು ಬೇರೆಬೇರೆ ಭಾಗಗಳಲ್ಲಿ ನೆಲೆಗೊಳಿಸುವುದೇ ವಿಭಾಗವೆಂದು ಅವನು ಲಕ್ಷಣವನ್ನು ಹೇಳಿದನು. ವಿಭಾಗವು ಹೊಸ ಹಕ್ಕನ್ನು ಹುಟ್ಟಿಸುವುದಿಲ್ಲ, ಇದ್ದ ಹಕ್ಕಿಗೆ ಮೇರೆಯನ್ನು ಹಾಕುವುದು. ವಂಗದೇಶದ ಜೀಮೂತವಾಹನನು ತನ್ನ ದಾಯಭಾಗ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ಮತವನ್ನು ಹಿಡಿದನು. ಅವನ ಪ್ರಕಾರ ಮಗನ ಹಕ್ಕು ತಂದೆಯ ಮರಣಾನಂತರವೇ. ಕೂಡಿದ್ದರೂ ಪ್ರತಿಯೊಬ್ಬನ ಸ್ವತ್ವವು ತನ್ನ ಭಾಗಕ್ಕೇ ಸೀಮಿತವಾಗಿರುವುದು. ಈ ಎರಡು ಗ್ರಂಥಗಳ ದಾಯಪ್ರಕರಣಗಳನ್ನೂ ಕೋಲ್‌ಬ್ರೂಕನು ೧೮೧೦ರಲ್ಲಿ ಇಂಗ್ಲಿಷಿಗೆ ಭಾಷಾಂತರಿಸಿದ ಮೇಲೆ, ವಂಗದೇಶವು ಒಂದು ಮತಕ್ಕೂ ಉಳಿದ ದೇಶದ ಬಹುಭಾಗವು ಇನ್ನೊಂದು ಮತಕ್ಕೂ ಸೇರಿದುವೆಂದು ನ್ಯಾಯಾಲಯಗಳು ಗ್ರಹಿಸಿದುವು.

ವಿಜ್ಞಾನೇಶ್ವರನ ಸಿದ್ಧಾಂತಕ್ಕೆ ತುಂಗಾತೀರದ ನೆನಪಿನೊಡನೆ ಬೆಸೆದ ಇನ್ನೊಂದು ಆಧಾರವುಂಟು. ಬುಕ್ಕರಾಯನ ಮಂತ್ರಿಯಾಗಿದ್ದ ಮಾಧವಾಚಾರ್ಯನು ಪರಾಶರಸ್ಮೃತಿಗೆ ಬರೆದ ವ್ಯಾಖ್ಯಾನವೇ ಪರಾಶರಮಾಧವೀಯ. ಈ ಮಾಧವನೇ ಮುಂದೆ ಸನ್ಯಾಸವನ್ನು ಸ್ವೀಕರಿಸಿ ವಿದ್ಯಾರಣ್ಯರಾದನೆಂಬುದು ಸಂಪ್ರದಾಯ. ಇಬ್ಬರೂ ಬೇರೆಯೆಂದು ಹೇಳುವ ಚರಿತ್ರಕಾರರೂ ಇರುವರು. ಪರಾಶರಸ್ಮೃತಿಯಲ್ಲಿ ವ್ಯವಹಾರಪ್ರಕರಣವೇ ಇಲ್ಲ. ರಾಜಧರ್ಮವನ್ನು ಸೂಚಿಸುವ ಅರ್ಧಶ್ಲೋಕವೊಂದನ್ನು ಆಧಾರಮಾಡಿಕೊಂಡು ಮಾಧವನು ವ್ಯವಹಾರಕಾಂಡವನ್ನೇ ರಚಿಸಿದನು. ಹೊಸದಾಗಿ ಕಟ್ಟಲ್ಪಟ್ಟ ರಾಜ್ಯಕ್ಕೆ ನ್ಯಾಯನಿರ್ಣಯದ ಗ್ರಂಥವು ಎಷ್ಟು ಅವಶ್ಯಕವಾಗಿತ್ತೆಂಬುದು ಇದರಿಂದ ತಿಳಿಯುವುದು. ಇದರ ದಾಯವಿಭಾಗವನ್ನು ಬರ್ನೆಲನು ೧೮೬೮ರಲ್ಲಿ ಮದರಾಸಿನಲ್ಲಿ ಭಾಷಾಂತರಿಸಿ ಪ್ರಕಟಿಸಿದನು. ದಕ್ಷಿಣದ ನ್ಯಾಯಾಲಯಗಳು ಮಿತಾಕ್ಷರೆಯ ಜೊತೆಗೆ ಇದನ್ನೂ ಪ್ರಮಾಣವಾಗಿ ಗ್ರಹಿಸಿದುವು.

ಈಗ ಅನುಮತಿಯ ವಿಚಾರಕ್ಕೆ ಬರಬಹುದು. ಭೂಮಿಯನ್ನು ಪರಾಧೀನಮಾಡುವಾಗ ಗ್ರಾಮಸ್ಥರು, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಅನುಮತಿ ಇರಬೇಕೆಂದೂ, ಹಿರಣ್ಯೋದಕಪೂರ್ವಕವಾಗಿ ಕೊಡಬೇಕೆಂದೂ ಸ್ಮೃತಿವಚನವಿದೆ. ವಿಜ್ಞಾನೇಶ್ವರನು ಇದನ್ನು ಕುರುಡಾಗಿ ಒಪ್ಪದೆ ಒಂದೊಂದಕ್ಕೂ ಪ್ರಯೋಜನವೇನೆಂದು ಕೇಳಿದನು. ಗ್ರಾಮದ ಅನುಮತಿಯು ವ್ಯವಹಾರವು ಪ್ರಕಾಶವಾಗಲೆಂದು; ಅದಿಲ್ಲದಿದ್ದರೆ ಕ್ರಯವು ಕೆಡುವುದಿಲ್ಲ. ನೆರೆಯವರ ಅನುಮತಿಯು ಎಲ್ಲೆಯ ತಕರಾರು ಬಾರದಿರಲೆಂದು. ವಿಭಕ್ತರಾದ ದಾಯಾದರ ಅನುಮತಿಯು, ಇವರು ಪಾಲಾಗಿದ್ದರೋ ಇಲ್ಲವೋ ಎಂಬ ಸಂಶಯವು ಮುಂದೆ ಏಳದಿರಲೆಂದು. ಆದರೆ ಅವಿಭಕ್ತರಾದ ದಾಯಾದರ ಅನುಮತಿಯು ಅವಶ್ಯವಾಗಿ ಬೇಕು. ಏಕೆಂದರೆ ಸ್ವತ್ತು ಅವರದೂ ಅಹುದು. ಇದಕ್ಕೂ ಒಂದು ಅಪವಾದವನ್ನು ಅವನು ಒಪ್ಪಿದನು. ಉಳಿದವರು ಅಪ್ರಾಪ್ತವಯಸ್ಕರಾಗಿ ಅನುಮತಿ ಕೊಡಲಾರದಿರುವಾಗ, ಕುಟುಂಬಕ್ಕೆ ಆಪತ್ತು ಬಂದರೆ, ಕುಟುಂಬದ ಪೋಷಣೆಗಾಗಿ, ಅಥವಾ ತಪ್ಪಿಸಲಾಗದ ಧರ್ಮಕಾರ್ಯಕ್ಕಾಗಿ ಸಮರ್ಥನಾದ ಒಬ್ಬನು ಸ್ಥಿರಸ್ವತ್ತನ್ನು ಕೊಡಬಹುದು. ಯಜಮಾನನು ಕುಟುಂಬದ ಅವಶ್ಯಕತೆಗಾಗಿ ಮಾಡಿದ ಸಾಲವೂ ಕ್ರಯವೂ ಎಲ್ಲರನ್ನೂ ಕಟ್ಟುವುವೆಂಬ ಈಗಿನ ನ್ಯಾಯವು ಈ ಬೀಜದಿಂದ ಬೆಳೆದ ಮರ.

ಬ್ರಿಟಿಷರ ಕಾಲದ ನ್ಯಾಯಾಲಯಗಳು ಈ ತತ್ತ್ವಗಳಿಗೆ ಖಚಿತವಾದ ರೂಪವನ್ನು ಕೊಟ್ಟುವು. ೧೮೬೬ರಲ್ಲಿ ಮದರಾಸು ಆಧಿಪತ್ಯದಿಂದ ಹೋದ ಒಂದು ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲಿನವರು, ಅವಿಭಕ್ತ ಕುಟುಂಬದಲ್ಲಿ ಯಾವನೊಬ್ಬನೂ ತನ್ನ ಪಾಲು ಇಷ್ಟೆಂದು ಹೇಳಲಾರನೆಂದೂ, ಪಾಲುಗಳು ಇಷ್ಟಿಷ್ಟೆಂದು ಒಪ್ಪಿಕೊಂಡ ಕ್ಷಣದಲ್ಲಿ, ಗದ್ದೆಗೆ ಬದು ಹಾಕದಿದ್ದರೂ, ಅವಿಭಕ್ತತ್ವವು ಮುಗಿಯುವುದೆಂದೂ ತೀರ್ಮಾನಿಸಿದರು. ೧೯೧೬ರಲ್ಲಿ, ತಾನು ಬೇರೆಯಾಗುವೆನೆಂದು ಒಬ್ಬನು ನಿಸ್ಸಂದೇಹವಾಗಿ ತಿಳಿಸಿದರೆ ಅಷ್ಟರಿಂದಲೇ ಅವನ ಮಟ್ಟಿಗೆ ವಿಭಾಗವಾಯಿತೆಂದು ಹೇಳಿದರು. ಕೂಡಿರುವುದಕ್ಕೆ ಎಲ್ಲರ ಮನಸ್ಸು ಬೇಕು, ಬೇರೆಯಾಗುವುದಕ್ಕೆ ಒಬ್ಬನ ಮನಸ್ಸು ಸಾಕು. ಬೇರೆಯಾದವರು ಮತ್ತೆ ಕೂಡುವುದಕ್ಕೂ ಶಾಸ್ತ್ರದಲ್ಲಿ ಅವಕಾಶವಿದೆ. ಅದಕ್ಕೆ ಸಂಸೃಷ್ಟಿಯೆಂದು ಹೆಸರು. ಅದು ತಂದೆ, ಸೋದರ, ಪಿತೃವ್ಯ ಇವರೊಡನೆ ಮಾತ್ರ ಸಾಧ್ಯವೆಂದು ಮಿತಾಕ್ಷರೆಯ ಮತ.

ಸಹಸ್ವಾಮಿಗೆ ಇರುವ ಹಕ್ಕುಗಳನ್ನು ಈಗ ಸಂಕ್ಷೇಪವಾಗಿ ಎಣಿಸಬಹುದು. ಎಲ್ಲರಿಗೂ ಸಮಸ್ತ ಸ್ವತ್ತಿನ ಅನುಭವದಲ್ಲಿ ಅಧಿಕಾರವುಂಟು. ಒಬ್ಬನ ಸ್ವಾಧೀನವು ನ್ಯಾಯದ ಕಣ್ಣಿನಲ್ಲಿ ಎಲ್ಲರ ಸ್ವಾಧೀನ. ಪಟ್ಟಣಕ್ಕೆ ಹೋಗಿ ನೆಲಸಿದ ತಮ್ಮನ ಪಾಲು, ಅಣ್ಣನು ಇಪ್ಪತ್ತು ವರ್ಷ ಒಬ್ಬನೇ ಕೊನೆ ಕೊಯ್ಲು ಮಾಡಿದ ಮಾತ್ರಕ್ಕೆ ಅಳಿಯುವುದಿಲ್ಲ. ನಿನಗೆ ಹಕ್ಕಿಲ್ಲವೆಂದು ಬಹಿರಂಗವಾಗಿ ಹೊರದೂಡಿದುದು ಸಿದ್ಧವಾಗಬೇಕು. ಪಹಣಿಯಲ್ಲಿ ಒಬ್ಬನ ಹೆಸರಿರುವುದು ಕಂದಾಯದ ಸೌಕರ್ಯಕ್ಕೆ. ಅದರಿಂದಲೇ ಸ್ವಾಮ್ಯವು ಹುಟ್ಟುವುದಿಲ್ಲ. ಪಾಲನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಹೊರಗಿನವನು ಪಾಲನ್ನು ಕೊಂಡರೆ ಅವನಿಗೆ ದೊರೆಯುವುದು ವಿಭಾಗವನ್ನು ಕೇಳುವ ಅಧಿಕಾರವೇ ಹೊರತು, ಮನೆಯೊಳಗೆ ಬಂದು ಕೂಡುವ ಅಧಿಕಾರವಲ್ಲ. ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯ ೪೪ನೆಯ ಪ್ರಕರಣವು ಅವಿಭಕ್ತ ಕುಟುಂಬದ ವಾಸದ ಮನೆಯನ್ನು ಹೀಗೆ ಕಾಪಾಡಿದೆ. ಅಂತಹ ಹೊರಗಿನವನು ವಿಭಾಗಕ್ಕಾಗಿ ದಾವೆ ಹೂಡಿದರೆ, ಅವನ ಪಾಲನ್ನು ನ್ಯಾಯಾಲಯವು ಕಟ್ಟಿದ ಬೆಲೆಗೆ ಕೊಂಡುಕೊಳ್ಳುವ ಅವಕಾಶವನ್ನು ೧೮೯೩ರ ವಿಭಾಗ ಕಾಯಿದೆಯ ೪ನೆಯ ಪ್ರಕರಣವು ಮನೆಯವರಿಗೆ ಕೊಟ್ಟಿದೆ.

ವಿಭಾಗವಾದ ಮೇಲೂ ಕೂಡಿಯೇ ಉಳಿಯುವ ವಸ್ತುಗಳು ಕೆಲವುಂಟು. ನೀರು, ದಾರಿ, ಬಾವಿ ಮೊದಲಾದುವನ್ನು ಹಂಚಕೂಡದೆಂದು ಮನುವಿನಿಂದ ಮೊದಲ್ಗೊಂಡು ಸ್ಮೃತಿಕಾರರು ವಿಧಿಸಿರುವರು. ಬಾವಿಯನ್ನು ಬೆಲೆಕಟ್ಟಿ ಹಂಚದೆ, ಸರದಿಯಿಂದ ಉಪಯೋಗಿಸಬೇಕೆಂದು ವಿಜ್ಞಾನೇಶ್ವರನ ವಿವರಣೆ. ಇದು ಪುಸ್ತಕದ ಮಾತು ಮಾತ್ರವಲ್ಲವೆಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಕೆ ತೋಟವನ್ನು ನೋಡಿದವರಿಗೆ ತಿಳಿದಿದೆ. ತೋಟವು ಕಣಿವೆಯಲ್ಲಿ; ಅದಕ್ಕೆ ನೀರು ಮೇಲಿನ ಹಳ್ಳದಿಂದ; ಮಳೆಗಾಲದ ನೀರು ಹೊರಗೆ ಹೋಗುವುದು ಕೆಳಗಿನ ಬಸಿಗಾಲುವೆಯಿಂದ; ಮರದ ಬುಡಕ್ಕೆ ಸೊಪ್ಪು ಸುತ್ತಲಿನ ಬೆಟ್ಟದಿಂದ. ಮೂವರು ಸೋದರರು ಮರಗಳನ್ನು ಎಣಿಸಿ ಹಂಚಿಕೊಳ್ಳಬಹುದು. ಮೇಲಿನವನು ಬಸಿಗಾಲುವೆಯನ್ನು ಮುಚ್ಚಿದರೆ ಅವನ ತೋಟದಲ್ಲಿಯೇ ನೀರು ನಿಂತು ಬೇರು ಕೊಳೆಯುವುದು. ಕೆಳಗಿನವನು ಮುಚ್ಚಿದರೆ ಮೂವರದೂ ಕೊಳೆಯುವುದು. ಸೊಪ್ಪಿನ ಬೆಟ್ಟವಂತೂ ಸ್ವಾಮ್ಯವೇ ಅಲ್ಲ, ತೋಟಕ್ಕೆ ಅಂಟಿಕೊಂಡ ಒಂದು ಸೌಲಭ್ಯ. ೧೯೬೪ರ ಭೂಕಂದಾಯ ಕಾಯಿದೆಯ ೭೯ನೆಯ ಪ್ರಕರಣವು ಬೆಟ್ಟ, ಕಾನೆ, ಬಾಣೆ, ಕುಮ್ಕಿ ಮೊದಲಾದುವುಗಳನ್ನು ಹೀಗೆಯೇ ಗಣಿಸಿದೆ. ಆದಕಾರಣ ಪಾಲುಪಟ್ಟಿಯನ್ನು ಬರೆಯುವ ವಿವೇಕಿಗಳು ಮರಗಳ ಲೆಕ್ಕಕ್ಕಿಂತ ನೀರಿನ ಸರದಿ, ಬಂಡಿಯ ದಾರಿ, ಬಸಿಗಾಲುವೆಯ ರಿಪೇರಿ ಇವನ್ನು ಹೆಚ್ಚು ಎಚ್ಚರದಿಂದ ಬರೆಯುವರು.

ಘಟ್ಟದ ಕೆಳಗೆ ವ್ಯವಸ್ಥೆಯು ಬೇರೆ. ದಕ್ಷಿಣ ಕನ್ನಡದ ಅಳಿಯಸಂತಾನದ ಕುಟುಂಬಗಳಲ್ಲಿ ಸಂತತಿಯನ್ನು ಸ್ತ್ರೀಯಿಂದ ಎಣಿಸುವುದು ಕ್ರಮ. ಅಲ್ಲಿ ಸ್ವತ್ತು ಕುಟುಂಬದ್ದು, ನಿರ್ವಾಹವು ಯಜಮಾನನದು ಅಥವಾ ಯಜಮಾನಿಯದು. ಒಬ್ಬನು ಕೇಳಿದ ಮಾತ್ರಕ್ಕೆ ಪಾಲು ಸಿಕ್ಕದೆಂದು ಹತ್ತೊಂಬತ್ತನೆಯ ಶತಮಾನದ ನ್ಯಾಯಾಲಯಗಳು ನಿರ್ಣಯಿಸಿದ್ದುವು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯಿಂದ ಕವರುಗಳಿಗೆ ವಿಭಾಗವನ್ನು ಕೇಳುವ ಹಕ್ಕು ಬಂದಿತು. ಘಟ್ಟದ ಮೇಲೆ ಪುರುಷಸಂತತಿಯಲ್ಲಿ ವಿಭಾಗವು ಸುಲಭ, ಸ್ತ್ರೀಗೆ ಪಾಲು ದುರ್ಲಭ. ಕೆಳಗೆ ಸ್ತ್ರೀಯೇ ಸಂತತಿಗೆ ಮೂಲ, ವಿಭಾಗವು ದುರ್ಲಭ. ಒಂದು ದಿನದ ಪ್ರಯಾಣದ ಒಳಗೆ ಇಷ್ಟು ಭೇದವಿದ್ದುದನ್ನು ನೆನೆದರೆ, ಸ್ತ್ರೀಗೆ ಪಾಲಿಲ್ಲವೆಂಬುದು ಕನ್ನಡ ನಾಡಿಗೆಲ್ಲ ಒಂದೇ ಆದ ಆಚಾರವೆಂದು ಹೇಳುವಂತಿಲ್ಲ.

ಘಟ್ಟದ ಮೇಲೆಯೂ ಶಾಸ್ತ್ರವು ಮಗಳನ್ನು ಸಂಪೂರ್ಣವಾಗಿ ಮರೆತಿರಲಿಲ್ಲ. ಸೋದರರು ಪಾಲಾಗುವಾಗ ಅವಿವಾಹಿತಳಾದ ಸೋದರಿಗೆ ನಾಲ್ಕನೆಯ ಒಂದು ಭಾಗವನ್ನು ಕೊಡಬೇಕೆಂದು ಯಾಜ್ಞವಲ್ಕ್ಯನ ವಿಧಿ. ಇದು ಪಾಲಲ್ಲ, ಮದುವೆಗೆ ಸಾಕಾಗುವಷ್ಟು ಹಣ ಎಂದು ಭಾರುಚಿ ಮೊದಲಾದವರು ಅರ್ಥಮಾಡಿದರು. ವಿಜ್ಞಾನೇಶ್ವರನು ಅದನ್ನು ಒಪ್ಪದೆ, ಅವಳು ಗಂಡಾಗಿದ್ದರೆ ಬರುತ್ತಿದ್ದ ಭಾಗದ ನಾಲ್ಕನೆಯ ಒಂದಂಶವು ಅವಳಿಗೆ ಸಲ್ಲತಕ್ಕದ್ದೇ ಎಂದು ವಾದಿಸಿದನು. ಆಚಾರವು ಮಾತ್ರ ಅವನ ಮಾತನ್ನು ಕೇಳಲಿಲ್ಲ. ಮದುವೆಯ ವೆಚ್ಚದಲ್ಲಿಯೇ ಪಾಲು ಮುಗಿಯಿತೆಂದು ಜನರು ಎಣಿಸಿದರು.

ಮೈಸೂರು ಸಂಸ್ಥಾನದವರು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದಾಗ ಆ ಹಳೆಯ ಚತುರ್ಥಾಂಶಕ್ಕೆ ಮತ್ತೆ ಪ್ರಾಣ ಬಂದಿತು. ವಿಭಾಗಕಾಲದಲ್ಲಿ ತಾಯಿಗೆ ಮಗನ ಪಾಲಿನ ಅರ್ಧವೂ, ಅವಿವಾಹಿತಳಾದ ಮಗಳಿಗೆ ಸೋದರನ ಪಾಲಿನ ಕಾಲು ಭಾಗವೂ ಅದರಲ್ಲಿ ವಿಧಿಸಲ್ಪಟ್ಟುವು. ಇಬ್ಬರು ಗಂಡುಮಕ್ಕಳು, ವಿಧವೆಯಾದ ತಾಯಿ, ಮದುವೆಯಾಗದ ಒಬ್ಬ ಮಗಳು ಇದ್ದ ಮನೆಯ ಸ್ವತ್ತನ್ನು ಹನ್ನೊಂದು ಭಾಗ ಮಾಡಿದರೆ, ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ತಾಯಿಗೆ ಎರಡು, ಮಗಳಿಗೆ ಒಂದು. ಅಲ್ಪವೆಂದು ಈಗ ತೋರಬಹುದು. ಆದರೆ ನಾಲ್ಕು ವರ್ಷಗಳ ಮೇಲೆ, ೧೯೩೭ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಬಂದ ಕಾಯಿದೆಯು ವಿಧವೆಗೆ ಮಾತ್ರ ಪಾಲನ್ನು ಕೊಟ್ಟು ಮಗಳಿಗೆ ಏನನ್ನೂ ಕೊಡಲಿಲ್ಲವೆಂಬುದನ್ನು ನೆನೆಯಬೇಕು.

ಸ್ವಾತಂತ್ರ್ಯಾನಂತರ ಭೂಮಿಯ ಸ್ಥಿತಿಯೇ ಬದಲಾಯಿತು. ೧೯೫೪, ೧೯೫೫ರ ಮೈಸೂರು ಕಾಯಿದೆಗಳಿಂದ ಇನಾಮುಗಳು ರದ್ದಾದುವು. ವೃತ್ತಿಯೆಂಬುದು ಶಾಸನಗಳಲ್ಲಿಯೂ ಕಡತಗಳಲ್ಲಿಯೂ ಮನೆತನಗಳ ನೆನಪಿನಲ್ಲಿಯೂ ಉಳಿಯಿತು. ೧೯೭೪ರ ಮಾರ್ಚಿ ೧ರಿಂದ ಗೇಣಿಯ ಭೂಮಿಯು ಸರ್ಕಾರಕ್ಕೆ ಸೇರಿ, ಉಳುವವನಿಗೆ ಒಡೆತನವು ದೊರೆಯುವ ದಾರಿಯಾಯಿತು. ಅಲ್ಲಿಯೂ ಹಳೆಯ ಪ್ರಶ್ನೆಯೇ ಹೊಸ ವೇಷದಲ್ಲಿ ಬಂದಿತು. ಅರ್ಜಿಯನ್ನು ಹಾಕಿದವನು ಅಣ್ಣ, ಗೇಣಿ ಕೊಡುತ್ತಿದ್ದುದು ಮನೆಯವರೆಲ್ಲ, ಭೂಮಿಯು ಯಾರದು? ಗೇಣಿಯು ಕುಟುಂಬದ್ದಾಗಿದ್ದರೆ ಒಬ್ಬನ ಹೆಸರಿಗೆ ಬಂದ ಹಕ್ಕೂ ಕುಟುಂಬದ್ದೇ ಎಂದು ನ್ಯಾಯಾಲಯಗಳು ಹೇಳಿದುವು. ಒಡೆಯರ ದಾಯವನ್ನು ಕಾಪಾಡಿದ ತತ್ತ್ವವು ಒಕ್ಕಲಿನ ತಮ್ಮಂದಿರನ್ನೂ ಕಾಪಾಡಿತು.

೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಗಳಿಗೆ ತಂದೆಯ ಪಾಲಿನಲ್ಲಿ ಪಾಲನ್ನು ಕೊಟ್ಟಿತೇ ಹೊರತು ಜನ್ಮಸಿದ್ಧವಾದ ಸ್ವತ್ವವನ್ನು ಕೊಡಲಿಲ್ಲ. ವಾಸದ ಮನೆಯ ವಿಭಾಗವನ್ನು ಗಂಡಸರು ತಾವಾಗಿ ಬಯಸುವವರೆಗೆ ಅವಳು ಕೇಳಕೂಡದೆಂದು ಅದರ ೨೩ನೆಯ ಪ್ರಕರಣವು ತಡೆದಿತ್ತು. ಕರ್ನಾಟಕದ ತಿದ್ದುಪಡಿಯು ೧೯೯೪ರ ಜುಲೈ ೩೦ರಿಂದ ಮಗಳನ್ನೂ ಜನ್ಮದಿಂದ ಸಹದಾಯಾದಳನ್ನಾಗಿ ಮಾಡಿತು. ಆ ದಿನಕ್ಕೆ ಮೊದಲು ಮದುವೆಯಾದವಳನ್ನು ಹೊರಗಿಟ್ಟಿತು. ೨೦೦೫ರ ಸೆಪ್ಟೆಂಬರ್ ೯ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಭೇದವನ್ನು ತೆಗೆದು, ಮಗನಿಗೂ ಮಗಳಿಗೂ ಸಮಪಾಲನ್ನು ವಿಧಿಸಿ, ೨೩ನೆಯ ಪ್ರಕರಣವನ್ನೂ ಅಳಿಸಿತು. ಆ ದಿನ ತಂದೆಯು ಬದುಕಿದ್ದಿರಬೇಕೆ ಎಂಬ ಸಂಶಯವು ಹದಿನೈದು ವರ್ಷ ಉಳಿಯಿತು. ಕರ್ನಾಟಕದಿಂದ ಹೋದ ಮೊಕದ್ದಮೆಯಲ್ಲಿ ೨೦೧೫ರಲ್ಲಿ ಸುಪ್ರೀಂ ಕೋರ್ಟು ಬದುಕಿದ್ದಿರಬೇಕೆಂದಿತು. ೨೦೨೦ರ ಆಗಸ್ಟ್ ೧೧ರಂದು ಮೂವರು ನ್ಯಾಯಾಧೀಶರ ಪೀಠವು ಅದು ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದುದು ಎಂದು ನಿಶ್ಚಯಿಸಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ನ್ಯಾಯವಾಗಿ ನಡೆದ ವಿಭಾಗಗಳಿಗೆ ಮಾತ್ರ ಚ್ಯುತಿ ಇಲ್ಲ.

ಹೀಗೆ ನೋಡಿದರೆ ೨೦೨೦ರ ತೀರ್ಪಿನ ಕೇಂದ್ರದಲ್ಲಿರುವುದು ಕಲ್ಯಾಣದ ಜನ್ಮಸ್ವತ್ವವಾದವೇ. ಅದರೊಳಗೆ ಮಗಳನ್ನು ಸೇರಿಸಿದುದು ಹೊಸತು. ಆದಕಾರಣ ಹೊಸ ಕಾಯಿದೆಯು ಸನಾತನವಾದ ಮನೆಯನ್ನು ಒಡೆಯಿತೆಂಬ ಆಕ್ಷೇಪವು ನಿಲ್ಲಲಾರದು. ಒಡೆಯುವುದು ಬೇರೆ ಕಾರಣದಿಂದ. ಮಲೆನಾಡಿನ ಮನೆಗಳಲ್ಲಿ ಈಗ ಸೋದರಿಯರಿಂದ ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಪಡೆಯುವ ಪದ್ಧತಿಯುಂಟು. ತನಗೆ ಬರತಕ್ಕದ್ದು ಇಷ್ಟೆಂದು ತಿಳಿದು, ಪ್ರೀತಿಯಿಂದಲೋ ಹಣವನ್ನು ಪಡೆದೋ ಅವಳು ಬಿಟ್ಟುಕೊಟ್ಟರೆ ಅದು ಅನುಮತಿ. ಹಬ್ಬಕ್ಕೆಂದು ಕರೆದು, ಓದಗೊಡದೆ, ತವರಿನ ಬಾಗಿಲು ಮುಚ್ಚೀತೆಂಬ ಭಯವನ್ನು ಮುಂದಿಟ್ಟು ಪಡೆದ ರುಜುವು ಕಾಗದದ ಮೇಲಿನ ಮಸಿ. ಬಲದಿಂದಲೂ ವಂಚನೆಯಿಂದಲೂ ಮಾಡಿಸಿದ ವ್ಯವಹಾರವು ನಿಲ್ಲದೆಂದು ಧರ್ಮಶಾಸ್ತ್ರವೂ ಈಗಿನ ನ್ಯಾಯವೂ ಒಂದೇ ಕಂಠದಿಂದ ಹೇಳುವುವು. ದೊರೆಯಾದ ಹರಿಹರನೇ ತನ್ನ ತಮ್ಮಂದಿರ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿದ ಮೇಲೆ, ನಾಲ್ಕು ಎಕರೆ ತೋಟದ ಯಜಮಾನನು ತನ್ನ ತಂಗಿಗೆ ಪತ್ರವನ್ನು ಓದಿ ಹೇಳಿ ರುಜು ಕೇಳುವುದು ಭಾರವಾದ ಕಾರ್ಯವಲ್ಲ.